ಅಜ್ಜಿಯ ಮಾತೂ ಬೇಕು, ಹಳೆಯ ಕಾಗದವೂ ಬೇಕು



ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಅಜ್ಜನ ಅಪ್ಪನ ಹೆಸರು? ಕೆಲವರಿಗೆ ಗೊತ್ತಿರಬಹುದು. ಅಜ್ಜನ ಅಮ್ಮನ ಹೆಸರು? ಅವರು ಹುಟ್ಟಿದ ಊರು? ತರಗತಿಯಲ್ಲಿ ನಾನು ಹೀಗೆ ಕೇಳುತ್ತಾ ಹೋದಂತೆ ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಒಮ್ಮೆ ಒಬ್ಬಳು ಹುಡುಗಿ ಎದ್ದು ನಿಂತು, "ಟೀಚರ್, ನಾವೇನು ರಾಜರ ಮನೆಯವರಾ? ನಮ್ಮ ಮನೆಯ ಚರಿತ್ರೆ ಯಾರಿಗೆ ಬೇಕು?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಅಮೆರಿಕದ ಒಂದು ಕುಟುಂಬದ ಕಥೆಯನ್ನು ನಿಮಗೆ ಹೇಳುತ್ತೇನೆ. ಅವರು ರಾಜರಲ್ಲ, ಶ್ರೀಮಂತರೂ ಅಲ್ಲ. ಸಾಲ, ಬರಗಾಲ, ಕಾಯಿಲೆ ಎಲ್ಲವನ್ನೂ ಕಂಡ ಬೇಸಾಯಗಾರರು. ಆದರೂ ನೂರೈವತ್ತು ವರ್ಷಗಳ ಹಿಂದೆ ಅವರು ಯಾವ ವರ್ಷ ಯಾವ ಊರಿನಲ್ಲಿದ್ದರು ಎಂದು ಇಂದಿಗೂ ಹೇಳಬಹುದು. ಅದು ಹೇಗೆ ಸಾಧ್ಯವಾಯಿತು? ನೋಡೋಣ.

ಆ ಕುಟುಂಬದ ಹೆಸರು ಇಂಗಲ್ಸ್. ಅವರ ಮೂಲಪುರುಷ ಎಡ್ಮಂಡ್ ಇಂಗಲ್ಸ್. ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದು, 1629ರ ಸುಮಾರಿಗೆ ಅಮೆರಿಕದ ಪೂರ್ವ ಕರಾವಳಿಯ ಲಿನ್ ಎಂಬ ಊರಿನಲ್ಲಿ ನೆಲೆಸಿದವನು. ಅವನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಹೊಸ ಭೂಮಿ ಹುಡುಕುತ್ತಾ ಹೋದರು. ಇನ್ನೂರು ವರ್ಷ ಕಳೆದ ಮೇಲೆ, 1836ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ಅದೇ ವಂಶದಲ್ಲಿ ಚಾರ್ಲ್ಸ್ ಇಂಗಲ್ಸ್ ಹುಟ್ಟಿದ. ಅವನು ಬಾಲಕನಾಗಿದ್ದಾಗಲೇ ಮನೆಯವರೆಲ್ಲ ಇಲಿನಾಯ್ ಕಡೆಗೆ, ಅಲ್ಲಿಂದ ವಿಸ್ಕಾನ್ಸಿನ್ ಕಡೆಗೆ ಹೋದರು. ಭೂಪಟ ತೆರೆದು ಈ ಹೆಸರುಗಳ ಮೇಲೆ ಬೆರಳಿಟ್ಟು ನೋಡಿ. ಬೆರಳು ಪೂರ್ವದಿಂದ ಪಶ್ಚಿಮಕ್ಕೆ ಜರುಗುತ್ತದೆ.

1860ರಲ್ಲಿ ಚಾರ್ಲ್ಸ್‌ಗೆ ಕ್ಯಾರೊಲಿನ್ ಎಂಬವಳೊಡನೆ ಮದುವೆಯಾಯಿತು. ಅವಳು ಚಿಕ್ಕವಳಿದ್ದಾಗಲೇ ತಂದೆ ಹಡಗು ಮುಳುಗಿ ತೀರಿಕೊಂಡಿದ್ದರು. ತಾಯಿ ಕಷ್ಟಪಟ್ಟು ಮಕ್ಕಳನ್ನು ಸಾಕಿದರು. ಕ್ಯಾರೊಲಿನ್ ಓದಿ ಶಾಲೆಯಲ್ಲಿ ಪಾಠವನ್ನೂ ಹೇಳಿದ್ದಳು. 1865ರಲ್ಲಿ ಮೇರಿ, 1867ರಲ್ಲಿ ಲಾರಾ ಎಂಬ ಮಗಳಂದಿರು ಹುಟ್ಟಿದರು. ವಿಸ್ಕಾನ್ಸಿನ್‌ನ ಪೆಪಿನ್ ಎಂಬ ಊರಿನ ಹತ್ತಿರ, ಕಾಡಿನ ನಡುವೆ, ಮರದ ದಿಮ್ಮಿಗಳ ಪುಟ್ಟ ಮನೆ ಅವರದು.

ಆಗ ಅಮೆರಿಕದಲ್ಲಿ 1862ರ ಒಂದು ಕಾನೂನು ಜಾರಿಯಲ್ಲಿತ್ತು. ಸರಕಾರದ ಭೂಮಿಯಲ್ಲಿ ಐದು ವರ್ಷ ನೆಲೆಸಿ ಬೇಸಾಯ ಮಾಡಿದವರಿಗೆ 160 ಎಕರೆಯವರೆಗೆ ಭೂಮಿ ಸಿಗುತ್ತಿತ್ತು. ಪಶ್ಚಿಮಕ್ಕೆ ಹೋದರೆ ಸ್ವಂತ ಹೊಲ ಮಾಡಬಹುದು ಎಂಬ ಆಸೆ ಲಕ್ಷಾಂತರ ಜನರನ್ನು ಸೆಳೆಯಿತು. ಚಾರ್ಲ್ಸ್‌ಗೂ ಅದೇ ಆಸೆ. ಬಟ್ಟೆಯ ಕಮಾನು ಹೊದಿಸಿದ ಕುದುರೆಗಾಡಿಯಲ್ಲಿ ಪಾತ್ರೆ ಪರಡಿ, ಹಾಸಿಗೆ, ತನ್ನ ಪಿಟೀಲು, ಹೆಂಡತಿ, ಇಬ್ಬರು ಪುಟ್ಟ ಮಕ್ಕಳು, ಎಲ್ಲವನ್ನೂ ಹೇರಿಕೊಂಡು ಅವನು ಹೊರಟೇಬಿಟ್ಟ. 1869ರಲ್ಲಿ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕಾನ್ಸಾಸ್‌ನ ಹುಲ್ಲುಗಾವಲಿಗೆ ಬಂದು ಮನೆ ಕಟ್ಟಿದ. ಅಲ್ಲಿ ಮೂರನೆಯ ಮಗಳು ಕ್ಯಾರಿ ಹುಟ್ಟಿದಳು.

ಅಲ್ಲಿಯೂ ಕಾಲೂರಲಾಗಲಿಲ್ಲ. 1871ರಲ್ಲಿ ಮತ್ತೆ ಪೆಪಿನ್‌ಗೆ ಮರಳಿದರು. 1874ರಲ್ಲಿ ಮಿನ್ನೆಸೋಟಾದ ವಾಲ್ನಟ್ ಗ್ರೋವ್. ಅಲ್ಲಿ ಹಳ್ಳದ ದಂಡೆಯನ್ನು ಕೊರೆದು ಮಾಡಿದ ಮಣ್ಣಿನ ಮನೆಯಲ್ಲಿ ವಾಸ. ಗೋಧಿ ತೆನೆಗಟ್ಟುವ ಹೊತ್ತಿಗೆ ಮೋಡದಂತೆ ಮಿಡತೆಗಳ ಹಿಂಡು ಬಂದು ಪೈರನ್ನೆಲ್ಲ ತಿಂದು ಹೋಯಿತು. 1876ರಲ್ಲಿ ಅಯೋವಾದ ಬರ್ ಓಕ್ ಎಂಬ ಊರು. ಆ ದಾರಿಯಲ್ಲೇ ಒಂಬತ್ತು ತಿಂಗಳ ಗಂಡುಮಗು ಫ್ರೆಡ್ಡಿ ತೀರಿಕೊಂಡ. ಮರುವರ್ಷ ಕೊನೆಯ ಮಗಳು ಗ್ರೇಸ್ ಹುಟ್ಟಿದಳು. ಪುನಃ ವಾಲ್ನಟ್ ಗ್ರೋವ್. 1879ರಲ್ಲಿ ಹಿರಿಯ ಮಗಳು ಮೇರಿ ಕಾಯಿಲೆಯಿಂದ ಕಣ್ಣು ಕಳೆದುಕೊಂಡಳು. ಅದೇ ವರ್ಷ ಡಕೋಟಾಕ್ಕೆ ಪಯಣ. ಅಲ್ಲಿ ಡಿ ಸ್ಮೆಟ್ ಎಂಬ ಹೊಸ ಊರಿನಲ್ಲಿ ಅವರು ಕೊನೆಗೂ ನೆಲೆ ನಿಂತರು. "ಇನ್ನು ಗಾಡಿ ಕಟ್ಟುವುದು ಬೇಡ" ಎಂದು ತಾಯಿಗೆ ಅನಿಸಿದ್ದರೆ ಆಶ್ಚರ್ಯವೇನು?

ಇಷ್ಟೆಲ್ಲ ನಮಗೆ ಹೇಗೆ ಗೊತ್ತಾಯಿತು? ಎರಡು ದಾರಿಗಳಿಂದ.

ಮೊದಲನೆಯದು ನೆನಪು. ಎರಡನೆಯ ಮಗಳು ಲಾರಾ ಬಾಲ್ಯದಲ್ಲಿ ಕಂಡದ್ದನ್ನೂ ಅಪ್ಪ ಅಮ್ಮ ಹೇಳಿದ್ದನ್ನೂ ಮರೆಯಲಿಲ್ಲ. ಅರುವತ್ತು ದಾಟಿದ ಮೇಲೆ ಅವಳು ಬರೆಯಲು ಕುಳಿತಳು. 1932ರಿಂದ 1943ರವರೆಗೆ ಲಾರಾ ಇಂಗಲ್ಸ್ ವೈಲ್ಡರ್ ಎಂಬ ಹೆಸರಿನಲ್ಲಿ ಎಂಟು ಪುಸ್ತಕಗಳು ಬಂದವು. ಲೋಕದ ಎಷ್ಟೋ ಭಾಷೆಗಳ ಮಕ್ಕಳು ಅವುಗಳನ್ನು ಓದಿದರು.

ಎರಡನೆಯದು ದಾಖಲೆ. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತಿದೆ. 1870ರ ಗಣತಿಯ ಪುಟದಲ್ಲಿ ಈ ಕುಟುಂಬ ಕಾನ್ಸಾಸ್‌ನಲ್ಲಿತ್ತು ಎಂದು ಬರೆದಿದೆ. ಮನೆಯ ಬೈಬಲ್‌ನಲ್ಲಿ ಮಕ್ಕಳು ಹುಟ್ಟಿದ ದಿನ, ಸ್ಥಳಗಳನ್ನು ಬರೆದಿಟ್ಟಿದ್ದರು. ಚಾರ್ಲ್ಸ್ 1880ರಲ್ಲಿ ಡಕೋಟಾದ ಭೂಮಿಗಾಗಿ ಅರ್ಜಿ ಕೊಟ್ಟ ಕಾಗದಗಳು ಸರಕಾರದ ಪತ್ರಾಗಾರದಲ್ಲಿ ಉಳಿದಿವೆ.

ಈಗ ನಿಜವಾದ ತಮಾಷೆ ಕೇಳಿ. ನೆನಪನ್ನೂ ದಾಖಲೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಎರಡೂ ಎಲ್ಲ ಕಡೆ ಹೊಂದುವುದಿಲ್ಲ! ಕಾನ್ಸಾಸ್‌ನ ಮನೆ ಇಂಡಿಪೆಂಡೆನ್ಸ್ ಎಂಬ ಪೇಟೆಯಿಂದ 40 ಮೈಲು ದೂರ ಎಂದು ಲಾರಾ ಬರೆದಳು. ಈ ಮಾತು ನಂಬಿ ಹುಡುಕಿದವರಿಗೆ ಜಾಗ ಸಿಗಲಿಲ್ಲ. 1960ರ ದಶಕದಲ್ಲಿ ಸಂಶೋಧಕರು ಗಣತಿಯ ಪುಟವನ್ನೂ ಭೂಮಿಯ ಕಾಗದಗಳನ್ನೂ ಹೋಲಿಸಿ ನೋಡಿದರು. ಜಾಗ ಪೇಟೆಯಿಂದ ಬರೀ 13 ಮೈಲು ದೂರದಲ್ಲಿತ್ತು. ಅಲ್ಲಿ ಕೈಯಿಂದ ತೋಡಿದ ಹಳೆಯ ಬಾವಿಯೂ ಇತ್ತು. ಕಾನ್ಸಾಸ್‌ಗೆ ಹೋಗುವಾಗಲೇ ಕ್ಯಾರಿ ಎಂಬ ಮಗು ಗಾಡಿಯಲ್ಲಿತ್ತು ಎನ್ನುತ್ತದೆ ಪುಸ್ತಕ. ಅವಳು ಹುಟ್ಟಿದ್ದೇ ಅಲ್ಲಿ, 1870ರಲ್ಲಿ ಎನ್ನುತ್ತದೆ ಬೈಬಲ್‌ನ ಪುಟ.

ಹಾಗಾದರೆ ಲಾರಾ ಸುಳ್ಳು ಹೇಳಿದಳೇ? ಇಲ್ಲ. ಕಾನ್ಸಾಸ್ ಬಿಡುವಾಗ ಅವಳಿಗೆ ನಾಲ್ಕು ವರ್ಷ. ಅಷ್ಟು ಚಿಕ್ಕ ಮಗುವಿಗೆ ಮೈಲಿಯ ಲೆಕ್ಕ ನೆನಪಿರುವುದಿಲ್ಲ. ಅವಳು ಬರೆದದ್ದು ಕಥೆಪುಸ್ತಕ. ಕೆಲವನ್ನು ಕಥೆಗೆ ಹೊಂದುವಂತೆ ಬದಲಿಸಿದಳು. ತಮ್ಮ ಫ್ರೆಡ್ಡಿಯ ಸಾವನ್ನೂ ಬರ್ ಓಕ್‌ನ ಕಷ್ಟದ ದಿನಗಳನ್ನೂ ಬಿಟ್ಟೇಬಿಟ್ಟಳು. ಆದರೆ ಅಪ್ಪನ ಪಿಟೀಲಿನ ದನಿ, ಗಾಡಿಯ ಕುಲುಕಾಟ, ಮಿಡತೆಗಳ ಸದ್ದು ಯಾವ ಗಣತಿಯ ಪುಟದಲ್ಲಿದೆ? ಎಲ್ಲಿಯೂ ಇಲ್ಲ. ಅದಕ್ಕೇ ನಾನು ಹೇಳುವುದು: ಕಾಗದ ವರ್ಷವನ್ನು ಸರಿಯಾಗಿ ಹೇಳುತ್ತದೆ, ಅಜ್ಜಿ ಬದುಕನ್ನು ಹೇಳುತ್ತಾಳೆ. ಒಂದನ್ನೇ ನಂಬಿದರೆ ಕಥೆ ಕುಂಟುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ಇದು ಸಂತೋಷದ ಮಾತಲ್ಲ. ಚಾರ್ಲ್ಸ್ ಕಾನ್ಸಾಸ್‌ನಲ್ಲಿ ಮನೆ ಕಟ್ಟಿದ ಭೂಮಿ ಯಾರದು? ಆಗ ಅದು ಓಸೇಜ್ ಎಂಬ ಮೂಲನಿವಾಸಿ ಜನರದು. ಅವರು ಅದನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಆದರೂ ವಲಸೆಗಾರರು ಬಂದು ಮರ ಕಡಿದರು, ಮನೆ ಕಟ್ಟಿದರು. 1870ರಲ್ಲಿ ಸರಕಾರ ಕಾನೂನು ಮಾಡಿ ಆ ಭೂಮಿಯನ್ನು ಮಾರಾಟಕ್ಕಿಟ್ಟಿತು. ಓಸೇಜ್ ಜನರು ತಮ್ಮ ಊರು ಬಿಟ್ಟು, ಈಗ ಓಕ್ಲಹೋಮ ಎನ್ನುವ ಕಡೆಗೆ ಹೋಗಬೇಕಾಯಿತು. ಒಂದು ಕುಟುಂಬದ ಗಾಡಿ ಬಂದ ದಾರಿ ಎಂದರೆ ಇನ್ನೊಂದು ಜನಾಂಗ ಹೊರಟುಹೋದ ದಾರಿ.

1935ರಲ್ಲಿ ಬಂದ ಲಾರಾಳ ಪುಸ್ತಕದಲ್ಲಿ ಒಂದು ವಾಕ್ಯವಿತ್ತು. ಆ ಪ್ರದೇಶದಲ್ಲಿ ಮನುಷ್ಯರೇ ಇಲ್ಲ, ಮೂಲನಿವಾಸಿಗಳು ಮಾತ್ರ ಇದ್ದಾರೆ ಎಂಬ ಅರ್ಥ ಅದರಲ್ಲಿ ಬರುತ್ತಿತ್ತು. ಮೂಲನಿವಾಸಿಗಳು ಮನುಷ್ಯರಲ್ಲವೇ? ಒಬ್ಬ ಓದುಗರು ಪ್ರಕಾಶಕರಿಗೆ ಪತ್ರ ಬರೆದು ಇದನ್ನೇ ಕೇಳಿದರು. ಮುದುಕಿಯಾಗಿದ್ದ ಲಾರಾ ತನ್ನ ತಪ್ಪನ್ನು ಒಪ್ಪಿಕೊಂಡಳು. 1953ರ ಮುದ್ರಣದಲ್ಲಿ ಆ ವಾಕ್ಯವನ್ನು ತಿದ್ದಲಾಯಿತು. ಮುಂದೆ 2018ರಲ್ಲಿ, ಅವಳ ಹೆಸರಿನಲ್ಲಿ ಕೊಡುತ್ತಿದ್ದ ಮಕ್ಕಳ ಸಾಹಿತ್ಯ ಪ್ರಶಸ್ತಿಯ ಹೆಸರನ್ನೂ ಅಲ್ಲಿಯ ಗ್ರಂಥಪಾಲಕರ ಸಂಘ ಬದಲಿಸಿತು.

ಇಂಥ ಪುಸ್ತಕಗಳನ್ನು ಓದಲೇಬಾರದು ಎನ್ನುವವರಿದ್ದಾರೆ. ಹಳೆಯದನ್ನು ಕೆದಕುವುದು ಯಾಕೆ ಎನ್ನುವವರೂ ಇದ್ದಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಓದಬೇಕು. ಓದುತ್ತಾ, ಇಲ್ಲಿ ಯಾರ ಮಾತು ಬಂದಿಲ್ಲ ಎಂದು ಕೇಳಬೇಕು. ನಮ್ಮ ಹಿರಿಯರನ್ನು ಪ್ರೀತಿಸುವುದು ಬೇರೆ, ಅವರು ಮಾಡಿದ್ದೆಲ್ಲ ಸರಿ ಎನ್ನುವುದು ಬೇರೆ. ಮೊದಲನೆಯದನ್ನು ಮಾಡಿ, ಎರಡನೆಯದನ್ನು ಮಾಡಬೇಡಿ.

ಯಾರ ಹೆಸರು ಕಾಗದದಲ್ಲಿ ಉಳಿಯುತ್ತದೆ ಎಂಬುದನ್ನೂ ಗಮನಿಸಿ. 1850 ಮತ್ತು 1860ರ ಅಮೆರಿಕದ ಗಣತಿಯಲ್ಲಿ ಗುಲಾಮರಾಗಿದ್ದ ಕಪ್ಪು ಜನರ ವಯಸ್ಸನ್ನು ಬರೆದರು. ಹೆಸರನ್ನು ಸಾಮಾನ್ಯವಾಗಿ ಬರೆಯಲಿಲ್ಲ. ಗುಲಾಮಗಿರಿ ಹೋದ ಮೇಲೆ, 1870ರಲ್ಲಿ, ಅವರೆಲ್ಲರ ಹೆಸರುಗಳು ಮೊದಲ ಬಾರಿಗೆ ಬಂದವು. ಹಾಗಾಗಿ ಅವರ ಮೊಮ್ಮಕ್ಕಳು ತಮ್ಮ ಹಿರಿಯರನ್ನು ಹುಡುಕುತ್ತಾ ಹೋದರೆ ಅಲ್ಲಿಗೇ ದಾರಿ ಮುಚ್ಚಿಹೋಗುವುದುಂಟು. ಕಾನ್ಸಾಸ್‌ನಲ್ಲಿ ಇಂಗಲ್ಸ್ ಮನೆಯವರು ಜ್ವರದಲ್ಲಿ ಮಲಗಿದಾಗ ಮದ್ದು ಕೊಟ್ಟವರು ಜಾರ್ಜ್ ಟ್ಯಾನ್ ಎಂಬ ಕಪ್ಪು ವೈದ್ಯರು. 1870ರ ಗಣತಿಯಲ್ಲಿ ಅವರ ಹೆಸರೂ ಇದೆ. ನೆನಪೂ ದಾಖಲೆಯೂ ಇಲ್ಲಿ ಕೈಹಿಡಿದು ನಿಲ್ಲುತ್ತವೆ.

ಈಗ ನಮ್ಮ ಕಡೆಗೆ ಬರೋಣ. ಚಾರ್ಲ್ಸ್ ಡಕೋಟಾದಲ್ಲಿ ಮನೆ ಕಟ್ಟಿದಾಗ ಅದು ರಾಜ್ಯವೇ ಆಗಿರಲಿಲ್ಲ. 1889ರಲ್ಲಿ ದಕ್ಷಿಣ ಡಕೋಟಾ ರಾಜ್ಯವಾಯಿತು. ಮನೆ ಅಲುಗಲಿಲ್ಲ, ವಿಳಾಸ ಬದಲಾಯಿತು! ನಮ್ಮ ಕಾಸರಗೋಡಿನ ಮಕ್ಕಳಿಗೆ ಇದು ಹೊಸತೇನಲ್ಲ. 1950ರಲ್ಲಿ ಇಲ್ಲಿ ಹುಟ್ಟಿದವರ ಊರು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಆಮೇಲೆ ಕಣ್ಣೂರು ಜಿಲ್ಲೆ. 1984ರಿಂದ ಕಾಸರಗೋಡು ಜಿಲ್ಲೆ. ಮನೆ ಅದೇ, ಬಾವಿ ಅದೇ, ಅಂಗಳದ ತುಳಸಿಕಟ್ಟೆಯೋ ಮಲ್ಲಿಗೆ ಗಿಡವೋ ಅದೇ. ಹಳೆಯ ಕಾಗದ ಓದುವಾಗ ಇದು ತಿಳಿದಿರಬೇಕು. ಇಲ್ಲದಿದ್ದರೆ ಅಜ್ಜ ಎಲ್ಲೋ ದೂರದ ಮದ್ರಾಸಿನಿಂದ ಬಂದರು ಎಂದುಕೊಳ್ಳುತ್ತೀರಿ!

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನನ್ನ ಅಜ್ಜಿ ಸಂಜೆ ದೀಪ ಹಚ್ಚಿದ ಮೇಲೆ, ತಾನು ಸಣ್ಣವಳಿದ್ದಾಗ ಘಟ್ಟ ಇಳಿದು ಬಂದ ಕಥೆ ಹೇಳುತ್ತಿದ್ದರು. ತಲೆಯ ಮೇಲೆ ಗಂಟು, ಸೊಂಟದಲ್ಲಿ ತಮ್ಮ. ನಾನು ಕೇಳುತ್ತಾ ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಯಾವ ಊರಿನಿಂದ, ಯಾವ ವರ್ಷ, ಯಾಕೆ ಬಂದಿರಿ ಎಂದು ಒಂದು ದಿನವೂ ಕೇಳಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡೆ. ಅಜ್ಜಿ ಹೋದರು. ಈಗ ನನ್ನಲ್ಲಿ ಗಂಟೂ ಇದೆ, ತಮ್ಮನೂ ಇದ್ದಾನೆ, ಊರಿನ ಹೆಸರು ಮಾತ್ರ ಇಲ್ಲ. ಐವತ್ತು ದಾಟಿದ ನಾನು ಇಂದಿಗೂ ಅದನ್ನು ಹುಡುಕುತ್ತಿದ್ದೇನೆ. ನಿಮಗೆ ಹೀಗಾಗಬಾರದು.

ಇನ್ನೊಂದು ಸಂಗತಿ ಹೇಳಿದರೆ ನೀವು ಬೆರಗಾಗುತ್ತೀರಿ. ಚಾರ್ಲ್ಸ್ ಮತ್ತು ಕ್ಯಾರೊಲಿನ್‌ಗೆ ಇಂದು ಮರಿಮಕ್ಕಳು ಯಾರೂ ಇಲ್ಲ. ನಾಲ್ವರು ಹೆಣ್ಣುಮಕ್ಕಳಲ್ಲಿ ಲಾರಾಳಿಗೆ ಮಾತ್ರ ಬೆಳೆದು ದೊಡ್ಡವಳಾದ ಮಗಳಿದ್ದಳು. ಅವಳ ಹೆಸರು ರೋಸ್. 1968ರಲ್ಲಿ ರೋಸ್ ತೀರಿಕೊಂಡಾಗ ಆ ವಂಶವೃಕ್ಷದ ಆ ಕೊಂಬೆ ಅಲ್ಲಿಗೆ ನಿಂತಿತು. ಆದರೂ ಲೋಕಕ್ಕೆಲ್ಲ ಆ ಮನೆಯವರ ಹೆಸರು ಗೊತ್ತು. ಯಾಕೆ? ಒಬ್ಬಳು ಮಗಳು ಕೇಳಿದಳು, ನೆನಪಿಟ್ಟಳು, ಬರೆದಳು. ಮನೆಯ ಹೆಸರನ್ನು ಉಳಿಸಲು ಗಂಡುಮಗನೇ ಬೇಕು ಎನ್ನುವವರಿಗೆ ಈ ಕಥೆ ಹೇಳಿ.

"ನಮ್ಮ ಮನೆಯ ಚರಿತ್ರೆ ಯಾರಿಗೆ ಬೇಕು?" ಎಂದು ಕೇಳಿದ ಹುಡುಗಿಗೆ ನನ್ನ ಉತ್ತರ ಇಷ್ಟೇ: ಮೊದಲು ಅದು ನಿನಗೆ ಬೇಕು, ಮಗೂ. ರಾಜರ ಚರಿತ್ರೆ ಬರೆಯಲು ಆಸ್ಥಾನದವರಿದ್ದರು. ನಿನ್ನ ಅಜ್ಜಿಯ ಚರಿತ್ರೆ ಬರೆಯಲು ನೀನೊಬ್ಬಳೇ ಇದ್ದೀಯೆ.

ಇವತ್ತು ಶಾಲೆ ಬಿಟ್ಟು ಮನೆಗೆ ಹೋದ ಮೇಲೆ ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಅಜ್ಜ, ಅಜ್ಜಿ, ಇಲ್ಲವೇ ನೆರೆಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿ. ನಾಳೆ ಎನ್ನಬೇಡಿ.

ಮಾಡಿ ನೋಡೋಣ

1. ನಿಮ್ಮ ಮನೆಯ ಮೂರು ತಲೆಮಾರುಗಳ ವಂಶವೃಕ್ಷವನ್ನು ಬರೆಯಿರಿ. ಅಪ್ಪನ ಕಡೆಯವರಂತೆ ಅಮ್ಮನ ಕಡೆಯವರ ಹೆಸರೂ ಇರಲಿ. ಹೆಂಗಸರ ಹೆಸರುಗಳನ್ನು ಬಿಡಬೇಡಿ.

2. ಹಿರಿಯರೊಬ್ಬರಲ್ಲಿ ಕೇಳಿ ತಿಳಿಯಿರಿ: ಎಲ್ಲಿ ಹುಟ್ಟಿದಿರಿ? ಇಲ್ಲಿಗೆ ಯಾಕೆ ಬಂದಿರಿ? ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಿದ್ದಿರಿ? ಅವರು ಹೇಳಿದಂತೆಯೇ ಬರೆದುಕೊಳ್ಳಿ.

3. ಅವರು ಹೇಳಿದ ಒಂದು ಸಂಗತಿಯನ್ನು ರೇಷನ್ ಕಾರ್ಡು, ಶಾಲಾ ಪ್ರಮಾಣಪತ್ರ, ಜಾಗದ ಕಾಗದ ಇವುಗಳಲ್ಲಿ ಯಾವುದಾದರೊಂದರೊಡನೆ ಮನೆಯವರ ಸಹಾಯದಿಂದ ಹೋಲಿಸಿರಿ. ಹೊಂದದಿದ್ದರೆ ಯಾಕಿರಬಹುದು ಎಂದು ಯೋಚಿಸಿರಿ.

4. "ಇಂಗಲ್ಸ್ ಕುಟುಂಬ ಕಾನ್ಸಾಸ್‌ಗೆ ಹೋದದ್ದು ಸರಿಯೇ?" ಗುಂಪುಗಳಲ್ಲಿ ಚರ್ಚಿಸಿರಿ. ಲಾರಾಳ ವಯಸ್ಸಿನ ಓಸೇಜ್ ಹುಡುಗಿಯೊಬ್ಬಳು ಈ ಕಥೆಯನ್ನು ಹೇಗೆ ಹೇಳುತ್ತಿದ್ದಳು? ಬರೆಯಿರಿ.