ಸೀರೆಯುಟ್ಟ ಗಂಡಸು ಮತ್ತು ನಮ್ಮ ಮಕ್ಕಳು

ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಯಕ್ಷಗಾನದ ಚೌಕಿ ಮರೆಯುವುದಿಲ್ಲ. ಆಟ ಶುರುವಾಗುವ ಮುನ್ನ ಬಣ್ಣ ಹಚ್ಚುವುದನ್ನು ನೋಡಲು ಮಕ್ಕಳೆಲ್ಲ ಅಲ್ಲಿಗೆ ನುಗ್ಗುತ್ತಿದ್ದೆವು. ಮೀಸೆ ಬೋಳಿಸಿದ ಗಂಡಸೊಬ್ಬರು ಬೀಡಿ ಸೇದುತ್ತಾ ಕನ್ನಡಿಯ ಮುಂದೆ ಕುಳಿತಿರುತ್ತಿದ್ದರು. ಅದೇ ಮನುಷ್ಯ ನಡುರಾತ್ರಿ ದಮಯಂತಿಯಾಗಿ ಅತ್ತಾಗ ಅಜ್ಜಿಯಂದಿರ ಜೊತೆ ನಾವೂ ಕಣ್ಣೊರೆಸಿಕೊಳ್ಳುತ್ತಿದ್ದೆವು. ಅಲ್ಲಿ ಬ್ಯಾರಿಗಳ ಮಕ್ಕಳೂ ಇರುತ್ತಿದ್ದರು. ಬೆಳಿಗ್ಗೆ ಮದ್ರಸದಲ್ಲಿ ತೂಕಡಿಸಿ ಉಸ್ತಾದರಿಂದ ಪೆಟ್ಟು ತಿಂದದ್ದೂ ಉಂಟು. ಪೆಟ್ಟು ಬಿದ್ದದ್ದು ನಿದ್ದೆಗೆ, ಸ್ತ್ರೀವೇಷ ನೋಡಿದ್ದಕ್ಕಲ್ಲ.

ಇದನ್ನು ಈಗ ಹೇಳಲು ಕಾರಣವಿದೆ. ಗಂಡಸರು ಹೆಣ್ಣಿನ ವೇಷ ಹಾಕಿ ಹಾಡಿ ಕುಣಿಯುವ 'ಡ್ರ್ಯಾಗ್' ಪ್ರದರ್ಶನವನ್ನು ಮಕ್ಕಳು ನೋಡಬಹುದೇ ಎಂಬುದು ಅಮೆರಿಕದಲ್ಲಿ ಕೆಲವು ವರ್ಷಗಳಿಂದ ದೊಡ್ಡ ಜಗಳವಾಗಿದೆ. ಇಂಥ ಕಲಾವಿದರು ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಕತೆ ಓದಿ ಹೇಳುವ ಕಾರ್ಯಕ್ರಮ 2015ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆರಂಭವಾಯಿತು. ಕ್ರಮೇಣ ಅದರ ವಿರುದ್ಧ ಪ್ರತಿಭಟನೆಗಳೂ ಆರಂಭವಾದವು. 2023ರ ಮಾರ್ಚ್‌ನಲ್ಲಿ ಟೆನೆಸ್ಸೀ ರಾಜ್ಯ ಒಂದು ಕಾನೂನು ತಂದಿತು. ಕಾಮೋದ್ರೇಕಕಾರಿ ಪ್ರದರ್ಶನಗಳನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಮಕ್ಕಳ ಕಣ್ಣಿಗೆ ಬೀಳುವಲ್ಲಾಗಲಿ ನಡೆಸಕೂಡದು ಎಂಬುದು ಅದರ ಸಾರ. ಒಪ್ಪೋಣ. ಆದರೆ ಅಂಥ ಪ್ರದರ್ಶನ ಕೊಡುವವರ ಪಟ್ಟಿಯಲ್ಲಿ ಬಟ್ಟೆ ಕಳಚಿ ಕುಣಿಯುವವರ ಪಕ್ಕದಲ್ಲೇ ಹೆಣ್ಣಿನ ವೇಷದ ಗಂಡು, ಗಂಡಿನ ವೇಷದ ಹೆಣ್ಣು ಎಂದೂ ಸೇರಿಸಲಾಯಿತು. ಮೆಂಫಿಸ್‌ನ ಒಂದು ನಾಟಕ ತಂಡ ಕೋರ್ಟಿಗೆ ಹೋಯಿತು. ಅದೇ ಜೂನ್‌ನಲ್ಲಿ ನ್ಯಾಯಾಧೀಶ ಥಾಮಸ್ ಪಾರ್ಕರ್ ಈ ಕಾನೂನು ಅಸ್ಪಷ್ಟ, ಸಂವಿಧಾನಬಾಹಿರ ಎಂದರು. 2024ರಲ್ಲಿ ಮೇಲಿನ ನ್ಯಾಯಾಲಯ, ದಾವೆ ಹೂಡುವ ಅರ್ಹತೆಯೇ ಆ ತಂಡಕ್ಕಿಲ್ಲ ಎಂಬ ಕಾರಣ ಕೊಟ್ಟು ತೀರ್ಪನ್ನು ರದ್ದುಪಡಿಸಿತು.

ಕಾನೂನಿಗೆ ಸಹಿ ಹಾಕಿದ್ದು ರಾಜ್ಯಪಾಲ ಬಿಲ್ ಲೀ. ಅಮೆರಿಕದಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ. ಆ ದಿನಗಳಲ್ಲೇ ಒಂದು ಹಳೆಯ ಶಾಲಾ ಸಂಚಿಕೆಯ ಚಿತ್ರ ಹೊರಬಂತು. ಅದರಲ್ಲಿ ಹುಡುಗಿಯ ಬಟ್ಟೆ ತೊಟ್ಟ ಹುಡುಗ ಈ ಲೀಯವರೇ ಎಂದು ಜನ ಹೇಳಿದರು. ಅದನ್ನೂ ಇದನ್ನೂ ಹೋಲಿಸುವುದು ಹಾಸ್ಯಾಸ್ಪದ ಎಂದರು ಅವರು. ಶಾಲೆಯ ತಮಾಷೆಯೇ ಬೇರೆ, ಅಶ್ಲೀಲ ಪ್ರದರ್ಶನವೇ ಬೇರೆ ಎಂದಿತು ಅವರ ಕಚೇರಿ. ಸರಿಯಾದ ಮಾತು! ವೇಷ ತಪ್ಪಲ್ಲ, ವೇಷ ತೊಟ್ಟು ಏನು ಮಾಡುತ್ತಾರೆ ಎಂಬುದೇ ಪ್ರಶ್ನೆ ಎಂದು ಅವರೇ ಒಪ್ಪಿದಂತಾಯಿತು. ಹಾಗಾದರೆ ಆ ಪಟ್ಟಿಯಲ್ಲಿ ವೇಷದ ಹೆಸರೇಕೆ?

ನಮ್ಮ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಕೋಳ್ಯೂರು ರಾಮಚಂದ್ರ ರಾಯರ, ಮಂಟಪ ಪ್ರಭಾಕರ ಉಪಾಧ್ಯರ ಸ್ತ್ರೀವೇಷವನ್ನು ಮಕ್ಕಳ ಕೈಹಿಡಿದು ಕರೆದೊಯ್ದು ತೋರಿಸಿದ ನಾಡು ಇದು. ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದೇ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ ಅಬ್ಬರಿಸಿದರು. ಹಾಗೆಂದು ನಮ್ಮ ರಂಗದಲ್ಲಿ ಎಲ್ಲವೂ ಸಭ್ಯವಾಗಿತ್ತೆಂದು ಹೇಳಲಾರೆವು. ಬಯಲಾಟದಲ್ಲಿ ಅಮ್ಮಂದಿರು ಮಕ್ಕಳ ಕಿವಿ ಮುಚ್ಚಬೇಕೆನಿಸುವ ಮಾತುಗಳೂ ಬರುತ್ತಿದ್ದವು. ಆದರೆ ಅವನ್ನು ಹೆಚ್ಚಾಗಿ ಆಡುತ್ತಿದ್ದುದು ಹಾಸ್ಯಗಾರ. ಅವನು ಗಂಡಿನ ವೇಷದಲ್ಲೇ ಇರುತ್ತಿದ್ದ.

ಇಂದು ಮಕ್ಕಳು ಆಟಕ್ಕೆ ಹೋಗುವುದು ಕಡಿಮೆ, ಟಿವಿಯೇ ಮನೆಗೆ ಬಂದಿದೆ. ಕನ್ನಡ ವಾಹಿನಿಗಳ ಹಾಸ್ಯ ಕಾರ್ಯಕ್ರಮಗಳನ್ನು ನೋಡಿ. ಗಂಡಸಿಗೆ ಸೀರೆ ಉಡಿಸಿ, ಸೊಂಟ ಬಳುಕಿಸಿ, ದ್ವಂದ್ವಾರ್ಥದ ಮಾತು ಹೇಳಿಸಿ ನಗಿಸುತ್ತಾರೆ. ಇಡೀ ಸಂಸಾರ ಊಟದ ತಟ್ಟೆ ಹಿಡಿದು ನಗುತ್ತದೆ. ಇಲ್ಲಿ ಮಗು ಕಲಿಯುವುದು ಹೆಣ್ಣಿಗನನ್ನು ಗೇಲಿ ಮಾಡುವುದನ್ನು. ಮಾರನೆಯ ದಿನ ತರಗತಿಯಲ್ಲಿ ಮೆಲುದನಿಯ ಹುಡುಗನೊಬ್ಬನ ಮೇಲೆ ಆ ಪಾಠದ ಪ್ರಯೋಗವಾಗುತ್ತದೆ. ಅವನು ಶಾಲೆ ಬಿಟ್ಟರೆ ಯಾರಾದರೂ ಲೆಕ್ಕ ಇಡುತ್ತಾರೆಯೇ? ದಮಯಂತಿಯನ್ನು ನೋಡಿ ಅತ್ತ ಮಗು ಕಲಿತದ್ದೇ ಬೇರೆ.

ಇನ್ನೊಂದು ಮಾತು. ವೇಷಧಾರಿ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ. ಜೋಗತಿಗೆ ಅದು ವೇಷವಲ್ಲ, ಬದುಕು. ಎರಡನ್ನೂ ಒಂದೇ ಎನ್ನುವುದು ತಪ್ಪು. ಆದರೆ ದ್ವೇಷದ ಬೆಂಕಿ ಹತ್ತಿದಾಗ ಈ ವ್ಯತ್ಯಾಸವನ್ನು ಯಾರೂ ನೋಡುವುದಿಲ್ಲ. ಜೋಗತಿ ನೃತ್ಯದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಗಳ ಮುಂದೆ ಸೆರಗು ಹಿಡಿದು ಅವರು ದೃಷ್ಟಿ ತೆಗೆದದ್ದನ್ನು ಮನೆಮನೆಯಲ್ಲಿ ಮಕ್ಕಳೂ ನೋಡಿದರು. ಯಾವ ಮಗು ಕೆಟ್ಟುಹೋಯಿತು?

ಗಂಡು ಹೆಣ್ಣನ್ನು, ಹೆಣ್ಣು ಗಂಡನ್ನು ಅನುಕರಿಸಬಾರದೆಂಬ ಹದೀಸನ್ನು ನಮ್ಮ ಓದುಗರಲ್ಲಿ ಕೆಲವರು ಮುಂದಿಡಬಹುದು. ಅದನ್ನು ನಾವು ಬಲ್ಲೆವು. ಅದನ್ನು ನಂಬುವ ತಂದೆ ತನ್ನ ಮಗುವನ್ನು ಇಂಥ ಪ್ರದರ್ಶನಕ್ಕೆ ಕರೆದೊಯ್ಯದಿರಲಿ, ಅದು ಅವನ ಹಕ್ಕು. ಬೇರೆಯವರ ಮಗುವನ್ನೂ ತಡೆಯಲು ಪೊಲೀಸರನ್ನು ಕರೆಯುವುದು ಹಕ್ಕಲ್ಲ. ಬಟ್ಟೆ ನೋಡಿ ತೀರ್ಮಾನಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರೆ ಏನಾಗುತ್ತದೆಂದು 2022ರಲ್ಲಿ ನಾವು ನೋಡಿಲ್ಲವೇ? ಫೆಬ್ರವರಿಯ ಆದೇಶದ ನಂತರ ಹಿಜಾಬ್ ತೊಟ್ಟ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ಪುಸ್ತಕ ಹಿಡಿದು ನಿಂತರು. ಅಂದು ಶಿಸ್ತು, ಸಮಾನತೆ, ಮಕ್ಕಳ ಹಿತ ಎಂಬ ಮಾತುಗಳೇ ಕೇಳಿಬಂದವು. ಆ ಗೇಟನ್ನು ಕಂಡ ನಾವು ಇನ್ನೊಬ್ಬರ ಬಟ್ಟೆಗೆ ಗೇಟು ಹಾಕುವವರ ಜೊತೆ ನಿಲ್ಲುವುದು ಹೇಗೆ?

ಮಕ್ಕಳ ಬಗ್ಗೆ ಕಾಳಜಿ ಇರುವವರಿಗೆ ಕೆಲಸವೇನೂ ಕಡಿಮೆಯಿಲ್ಲ. ನೃತ್ಯದ ರಿಯಾಲಿಟಿ ಶೋಗಳಲ್ಲಿ ಮಕ್ಕಳನ್ನು ಅಸಭ್ಯವಾಗಿ ತೋರಿಸಬೇಡಿ ಎಂದು 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ವಾಹಿನಿಗಳಿಗೆ ತಾಕೀತು ಮಾಡಬೇಕಾಯಿತು. ಟಿವಿಯ ಆ ಕುಣಿತವೇ ಶಾಲೆಯ ವೇದಿಕೆಗೂ ಬಂದಿದೆ. ಎಂಟು ವರ್ಷದ ಹುಡುಗಿ ಸಿನಿಮಾದ ಐಟಂ ಹಾಡಿಗೆ ಹೆಜ್ಜೆ ಹಾಕುತ್ತಾಳೆ. ಹುಡುಗಿ ಹುಡುಗಿಯ ಬಟ್ಟೆಯಲ್ಲೇ ಇರುವುದರಿಂದ ಯಾರಿಗೂ ಏನೂ ಅನಿಸುವುದಿಲ್ಲ. ಅಪ್ಪ ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದಿರುತ್ತಾನೆ. ಮುಂದಿನ ವಾರ್ಷಿಕೋತ್ಸವಕ್ಕೆ ಮೊದಲು ನಿಮ್ಮ ಮಗುವಿನ ಶಾಲೆಗೆ ಹೋಗಿ ಹಾಡುಗಳ ಪಟ್ಟಿಯನ್ನೊಮ್ಮೆ ಕೇಳಿ ನೋಡಿ.