ಕೇಳಸ್ತೈತಿ, ತಿಳಿಯಂಗಿಲ್ಲ

ನಮ್ಮ ಕಡೆ ಮೊಣಕಾಲು ನೋವಿಗೆ ಮರ್ಯಾದೆ ಐತಿ. ಕಣ್ಣಿನ ಪೊರೆಗೂ ಐತಿ. ಜಮಖಂಡಿಗೋ ಮುಧೋಳಕ್ಕೋ ಹೋಗಿ ತೋರಿಸಿಕೊಂಡು ಬಂದು, ಕಟ್ಟೆ ಮೇಲೆ ಕೂತು ನಾಲ್ಕು ಮಂದಿಗೆ ಹೇಳುತ್ತಾರೆ. ಕಿವಿಗೆ ಮಾತ್ರ ಆ ಭಾಗ್ಯ ಇಲ್ಲ. 'ವಯಸ್ಸಾತು ಬಿಡ್ರಿ' ಅಂದರೆ ಮುಗೀತು.

ನಮ್ಮದು ಬನಹಟ್ಟಿ. ಅಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಪವರ್‌ಲೂಮ್ ಸಪ್ಪಳದಾಗ ದುಡಿದವರು. ಈಗ ನಾನು ಬೆಂಗಳೂರಿಂದ ಫೋನ್ ಮಾಡಿದರೆ, 'ಆರಾಮ ಅದೀನಿ, ಅವ್ವಗ ಕೊಡ್ತೀನಿ' ಅಂತ ಹತ್ತು ಸೆಕೆಂಡಿನಲ್ಲಿ ಮುಗಿಸುತ್ತಿದ್ದರು. 'ನಿಮ್ಮಪ್ಪಗ ಮಾತ ಬ್ಯಾಸರಾಗ್ಯಾವ' ಅನ್ನೋದು ಅವ್ವನ ಲೆಕ್ಕ. ದೀಪಾವಳಿಗೆ ಹೋದಾಗ ಪಕ್ಕದಲ್ಲೇ ಕೂತು ಕೇಳಿದೆ. 'ದನಿ ಕೇಳಸ್ತೈತಿ ತಮ್ಮಾ, ಮಾತು ತಿಳಿಯಂಗಿಲ್ಲ. ಎಷ್ಟ ಸಲ ಏನು, ಏನು ಅನ್ನೂದು?' ಅಂದರು.

ಅವರು ಹೇಳಿದ್ದು ಅಕ್ಷರಶಃ ಸರಿ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಿಗೂ ಮಗ್ಗದ ಸದ್ದಿಗೂ ಮೊದಲು ಬಲಿಯಾಗುವುದು ತೀಕ್ಷ್ಣ ದನಿ ಹಿಡಿಯುವ ಕೋಶಗಳು. ಹಾಗಾಗಿ ಆ, ಊ, ಓ ಕೇಳಿಸುತ್ತವೆ. ಸ, ಶ, ತ, ಕ ಜಾರಿಹೋಗುತ್ತವೆ. ಊಟಕ್ಕೆ ಕೂತಾಗ 'ಸಾಕು' ಅಂದರೂ 'ಹಾಕು' ಅಂದರೂ ಒಂದೇ! ನಾವು ನಗುತ್ತೇವೆ, ಹಿರಿಯರು ನಿಧಾನಕ್ಕೆ ಸುಮ್ಮನಾಗುತ್ತಾರೆ. ಆ ಮೌನ ಸಣ್ಣದಲ್ಲ. ಮರೆಗುಳಿ ಕಾಯಿಲೆಯ ಕುರಿತ ಲ್ಯಾನ್ಸೆಟ್ ಆಯೋಗ 2020ರ ವರದಿಯಲ್ಲಿ, ತಡೆಯಬಹುದಾದ ಅಪಾಯಗಳ ಪಟ್ಟಿಗೆ ಕಿವಿ ಮಂದವಾಗುವುದನ್ನೂ ಸೇರಿಸಿದೆ.

ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಕೆಲವೊಮ್ಮೆ ಗುಗ್ಗೆ ತೆಗೆದರೇ ಅರ್ಧ ಸಮಸ್ಯೆ ಹೋಗುತ್ತದೆ. ಆಮೇಲೆ ಆಡಿಯೋಮೆಟ್ರಿ ಪರೀಕ್ಷೆ, ಬೇಕಾದರೆ ಮಷಿನ್. ಬಿಪಿಎಲ್ ಕುಟುಂಬದ 60 ದಾಟಿದವರಿಗೆ ಶ್ರವಣ ಸಾಧನ ಕೊಡುವ ಕೇಂದ್ರದ 'ರಾಷ್ಟ್ರೀಯ ವಯೋಶ್ರೀ ಯೋಜನೆ' 2017ರಿಂದ ಇದೆ. ಮಷಿನ್ ಹಾಕಿದ ದಿನವೇ ಎಲ್ಲ ಸರಿಹೋಗುವುದಿಲ್ಲ. ಅಪ್ಪ ಮೊದಲ ವಾರ, 'ತಾಟು ಬಿದ್ದರ ಸಿಡ್ಲ ಬಡದಂಗಾಕ್ಕೈತಿ' ಅಂತ ತೆಗೆದಿಟ್ಟಿದ್ದರು. ಮಿದುಳಿಗೆ ರೂಢಿಯಾಗಲು ವಾರಗಳೇ ಬೇಕು. ದಿನಕ್ಕೆ ಒಂದು ತಾಸು, ಆಮೇಲೆ ಎರಡು ತಾಸು ಅಂತ ಹೆಚ್ಚಿಸಿದೆವು.

ಫೋನಿನಲ್ಲಿ ಚೀರಬೇಡಿ, ಚೀರಿದರೆ ಮಾತು ಇನ್ನಷ್ಟು ಒಡೆಯುತ್ತದೆ. ವಿಡಿಯೋ ಕಾಲ್ ಮಾಡಿ, ಮುಖದ ಮೇಲೆ ಬೆಳಕಿರಲಿ, ನಿಧಾನಕ್ಕೆ ಮಾತಾಡಿ. ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಹತ್ತಿ ಗಿರಣಿಗಳಲ್ಲಿ ನೇಕಾರರು ಸದ್ದಿನ ನಡುವೆ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಅಪ್ಪನಿಗೂ ಆ ವಿದ್ಯೆ ಬರುತ್ತದೆ. ಮುಖ ಕಂಡರೆ ಈಗ ಹತ್ತು ನಿಮಿಷ ಮಾತಾಡುತ್ತಾರೆ, ಬೆಂಗಳೂರಿನ ಮಳೆ ವಿಚಾರಿಸುತ್ತಾರೆ.

ಇನ್ನೊಂದು ಮಾತು, ಇವತ್ತು ಮಗ್ಗದ ಮುಂದೆ ನಿಂತಿರುವ ನಮ್ಮ ವಾರಿಗೆಯವರಿಗೆ. ದಿನಕ್ಕೆ 8 ತಾಸು 85 ಡೆಸಿಬಲ್ ದಾಟಿದ ಸದ್ದು ವರ್ಷಗಟ್ಟಲೆ ಬಿದ್ದರೆ ಕಿವಿ ಉಳಿಯುವುದು ಕಷ್ಟ. ಕಿವಿಗೆ ಅರಳೆ ತುರುಕಿಕೊಂಡರೆ ಸಾಲದು. ಮೆಡಿಕಲ್ ಅಂಗಡಿಯಲ್ಲಿ ಇಯರ್‌ಪ್ಲಗ್ ಕೇಳಿ. ದೊಡ್ಡ ಖರ್ಚಿನದಲ್ಲ. ಊರಲ್ಲಿರುವ ತಮ್ಮನಿಗೆ ಮೊನ್ನೆ ಎರಡು ಜೊತೆ ಕಳಿಸಿದೆ.