ಡಿಕ್ರಿಯ ವ್ಯಾಪಾರವೂ ಶ್ರಾವಕಧರ್ಮವೂ

ನ್ಯಾಯಾಲಯವು ಹಣದ ಡಿಕ್ರಿಯನ್ನು ಕೊಡುತ್ತದೆ. ಹಣವನ್ನು ತಂದು ಕೈಗಿಡುವುದಿಲ್ಲ. ಅದಕ್ಕಾಗಿ ಡಿಕ್ರಿದಾರನು 12 ವರ್ಷಗಳೊಳಗೆ ದರಖಾಸ್ತು ಹೂಡಬೇಕು. ಅಲೆದು ದಣಿದವನಿಂದ ಡಿಕ್ರಿಯನ್ನೇ ಅಲ್ಪ ಬೆಲೆಗೆ ಬರೆಸಿಕೊಂಡು, ಋಣಿಯಿಂದ ಪೂರ್ಣ ಮೊತ್ತವನ್ನು ವಸೂಲು ಮಾಡುವುದು ಅಮೆರಿಕದಲ್ಲಿ ಕಂಪನಿಗಳ ಉದ್ದಿಮೆಯಾಗಿದೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಡಿಕ್ರಿಯ ಲಿಖಿತ ವರ್ಗಾವಣೆಯನ್ನು ಒಪ್ಪುತ್ತದೆ. ಬ್ಯಾಂಕುಗಳ ಮುಳುಗಿದ ಸಾಲವನ್ನು ಕೊಳ್ಳುವ ಕಂಪನಿಗಳಿಗೆ 2002ರ ಕಾನೂನು ದಾರಿ ತೆರೆದಿದೆ.

ಸಾಲ ತೀರಿಸುವುದು ಧರ್ಮ. ಕೊಟ್ಟವನು ಕೇಳುವುದು ನ್ಯಾಯ. ಇದರಲ್ಲಿ ವಿವಾದವಿಲ್ಲ. ಆದರೆ "ವಸೂಲು ಮಾಡುವುದು ಕಂಪನಿ, ನಾನಲ್ಲ" ಎಂಬ ಮಾತು ಶ್ರಾವಕನ ಬಾಯಲ್ಲಿ ಸಲ್ಲದು. ಕಂಪನಿ ಬೇರೆ, ಪಾಲುದಾರ ಬೇರೆ ಎಂದು 1896ರಲ್ಲಿಯೇ ಇಂಗ್ಲೆಂಡಿನ ಉಚ್ಚತಮ ನ್ಯಾಯಪೀಠ ತೀರ್ಪಿತ್ತಿತು. ಪಾಲುದಾರನ ನಷ್ಟಕ್ಕೆ ಮಿತಿಯುಂಟು. ಆತನ ಕರ್ಮಾಸ್ರವಕ್ಕೆ ಅಂಥ ಮಿತಿ ಎಲ್ಲಿದೆ? ಸಂರಂಭ, ಸಮಾರಂಭ, ಆರಂಭ, ಮನ, ವಚನ, ಕಾಯ, ಕೃತ, ಕಾರಿತ, ಅನುಮತ, ನಾಲ್ಕು ಕಷಾಯಗಳು. ಇವುಗಳ ಗುಣಾಕಾರವೇ 108. ಜಪಮಾಲೆಯ ಮಣಿಗಳನ್ನು ಎಣಿಸುವವನು ಮಾಡಿಸಿದ್ದಕ್ಕೂ ಒಪ್ಪಿದ್ದಕ್ಕೂ ತಾನೇ ಹೊಣೆಯೆಂದು ದಿನವೂ ನೆನೆಯುತ್ತಾನೆ. ಅಲ್ಲಿ ಕಂಪನಿಗೆಂದು ಬೇರೆ ಮಣಿಯಿಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧನ, ಅತಿಭಾರಾರೋಪಣ, ಅನ್ನಪಾನನಿರೋಧಗಳೂ ಸೇರಿವೆ. ಋಣಿಯನ್ನು ಸೆರೆಗೆ ಕಳಿಸುವುದು, ಬಡ್ಡಿಯ ಮೇಲೆ ಖರ್ಚು ಹೇರುವುದು, ಒಲೆ ಆರಿಸುವುದು ಇವಕ್ಕಿಂತ ಭಿನ್ನವೇ? ರಾಜ್ಯದ ಕಾನೂನೇ ಇಲ್ಲಿ ಹೆಚ್ಚು ದಯಾಪರವಾಗಿದೆ. ಐಗಳಿಯ ರೈತನೊಬ್ಬನ ಮೇಲೆ ಸಾದಾ ಹಣದ ಡಿಕ್ರಿಯಾದರೆ ಅವನ ವಾಸದ ಮನೆ, ಅಡಿಗೆಯ ಪಾತ್ರೆ, ಒಕ್ಕಲುತನದ ಸಲಕರಣೆ, ಅವಶ್ಯವಾದ ಎತ್ತು ಮತ್ತು ಬಿತ್ತನೆಯ ಕಾಳು ಜಪ್ತಿಗೆ ಒಳಪಡವೆಂದು ಸಂಹಿತೆಯ 60ನೆಯ ಕಲಮು ಹೇಳುತ್ತದೆ. ಕೇವಲ ಬಡತನಕ್ಕಾಗಿ ಋಣಿಯನ್ನು ಸೆರೆಗೆ ತಳ್ಳಲಾಗದೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಕಲಿಸುವ ಕರುಣೆಯನ್ನು ವ್ರತಿಯು ಮರೆಯುವುದು ನಾಚಿಕೆಗೇಡು.

ಸ್ವಂತ ಬಾಕಿಯನ್ನು ಕೇಳುವವನಿಗೆ ಋಣಿಯ ಮುಖ ಗೊತ್ತು. ಬೆಳೆ ಬಂದಿತೋ, ಮಗಳ ಮದುವೆಯಾಯಿತೋ ಎಂಬುದು ಗೊತ್ತು. ಡಿಕ್ರಿ ಕೊಂಡವನಿಗೆ ಅಂಕಿಯೊಂದೇ ಗೊತ್ತು. ಪರರ ಸಂಕಟ ಹೆಚ್ಚಿದಷ್ಟೂ ತನ್ನ ಲಾಭ ಹೆಚ್ಚುವ ಈ ವೃತ್ತಿಯನ್ನು ಶ್ರಾವಕನು ತೊರೆಯಲೇಬೇಕು. ಸ್ವಂತ ಡಿಕ್ರಿಯುಳ್ಳವರು ಹಿರಿಯರ ಸಮಕ್ಷಮ ಕಂತುಗಳನ್ನು ಗೊತ್ತುಮಾಡಿಕೊಳ್ಳಲಿ; ಹೊರಗೆ ಆದ ರಾಜಿಯನ್ನು ನ್ಯಾಯಾಲಯದಲ್ಲಿ ದಾಖಲಿಸಲು ಸಂಹಿತೆಯಲ್ಲಿಯೇ ಅವಕಾಶವಿದೆ.

ಬಸದಿಯ ಟ್ರಸ್ಟುಗಳೂ ಎಚ್ಚರಗೊಳ್ಳಬೇಕು. ಜೀರ್ಣೋದ್ಧಾರಕ್ಕೆ ಬಂದ ಹಣ ಯಾವ ಮನೆಯ ಒಲೆಯನ್ನು ಆರಿಸಿ ಬಂದಿತೆಂದು ಕೇಳದೆ ದಾನಿಯ ಹೆಸರನ್ನು ಶಿಲೆಯಲ್ಲಿ ಕೆತ್ತಿಸಿದರೆ, ಅದು ಅನುಮತವಲ್ಲದೆ ಮತ್ತೇನು?